ಉಡಿ ತುಂಬಿಸಿಕೊಂಡ ಗೋಲ್‌ಕೀಪರ್

ಕೆಂಪು ಕಾರ್ಡು!

ಅದನ್ನು ತನಗೇ ತೋರಿಸುತ್ತಿದ್ದಾರೆ ಎಂದು ಶಾಕಾಂಬರಿಗೆ ಮೊದಲು ಅರ್ಥವಾಗಲಿಲ್ಲ. ಚೆಂಡು ಇನ್ನೂ ಅವಳ ಎದೆಗೆ ಒತ್ತಿಕೊಂಡೇ ಇತ್ತು. ಎದುರಾಳಿ ತಂಡದ ಹುಡುಗಿ ಒಬ್ಬಳೇ ನುಗ್ಗಿ ಬಂದಿದ್ದಳು. ಇವಳು ಮುಂದೆ ಓಡಿ, ನೆಲಕ್ಕೆ ಬಿದ್ದು, ಚೆಂಡನ್ನು ತಬ್ಬಿ ಹಿಡಿದಿದ್ದಳು. ಇಷ್ಟು ವರ್ಷದ ಆಟದಲ್ಲಿ ಇಷ್ಟು ಚಂದದ ಹಿಡಿತ ಇನ್ನೊಂದಿರಲಿಲ್ಲ.

ಲಕ್ಷ್ಮೇಶ್ವರದ ಮೈದಾನದ ಸುತ್ತ ನಿಂತಿದ್ದ ಜನ ‘ಹೋ’ ಎಂದು ಕೂಗಿದರು.

ಎದುರಿಗೆ ಕಪ್ಪು ಅಂಗಿಯ ರೆಫರಿ... ತೆಳ್ಳಗೆ, ಎತ್ತರಕ್ಕೆ ಇದ್ದ. ಕಾರ್ಡು ಹಿಡಿದ ಕೈಯನ್ನು ಮೇಲೆತ್ತಿ ನಿಂತಿದ್ದ.

"ಏನ್ರಿ ಇದು? ಕಣ್ಣ ಮುಚ್ಚಿ ಶೀಟಿ ಊದ್ತೀರೇನು?"

"ತೆರದ ಊದೇನ್ರಿ. ಗೆರಿ ಎಲ್ಲೈತಿ, ಹಿಂದ ಹೊಳ್ಳಿ ನೋಡ್ರಿ."

ಹೊಳ್ಳಿ ನೋಡಿದಳು. ಪೆನಾಲ್ಟಿ ಅಂಕಣದ ಸುಣ್ಣದ ಗೆರೆ ಅವಳ ಹಿಂದೆ ಇತ್ತು.

"ಅದಕ್ಕೇನಾತು? ನಾ ಕೀಪರ್ ಅದೇನಿ. ಕೈಲೆ ಹಿಡಿಯೋದ ನನ್ನ ಕೆಲಸ!"

"ಗೆರಿ ಒಳಗಿದ್ರ ನಿಮ್ಮ ಕೆಲಸ. ಹೊರಗ ಬಂದ್ರ ತಪ್ಪು. ಆಗೋ ಗೋಲನ್ನ ಕೈಲೆ ತಡದೀರಿ. ಹೊರಗ ನಡೀರಿ."

"ಈ ಕಾಯದೆ ನಿಮ್ಮ ಮನ್ಯಾಗ ಮಾಡ್ಕೊಂಡ ಬಂದೀರೇನು?"

"ಇಲ್ರಿ. ಎಲ್ಲಾ ಕಡೆ ಇದ ಐತಿ."

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕುಹಕವೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಉರಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು!

ಚೆಂಡನ್ನು ನೆಲಕ್ಕೆ ಕುಕ್ಕಿ ಹೊರಗೆ ನಡೆದಳು. ತಂಡ ಸೋತಿತು.

ತಿರುಗಿ ಬರುವ ಬಸ್ಸಿನಲ್ಲಿ ಶಾಕಾಂಬರಿ ಮೋತಿಬಿಯ ಕಡೆ ತಿರುಗಿದಳು. ಸಂಘ ಕಟ್ಟಿದವಳು ಮೋತಿಬಿ. ಹುಡುಗಿಯರೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು.

"ಖಾಲಾ, ಈ ಕಾಯದೆ ನಿನಗ ಗೊತ್ತಿತ್ತೇನು?"

"ನನಗೆಲ್ಲೆ ಗೊತ್ತಲೇ! ನಾ ಟೇಲರ್. ಅಳತಿ ಹೇಳು, ಚಡ್ಡಿ ಹೊಲದ ಕೊಡ್ತೇನಿ."

ಅದು ನಿಜವೇ ಆಗಿತ್ತು. ಬೆಟಗೇರಿ ಗೆಳತಿಯರ ಫುಟ್‌ಬಾಲ್ ಸಂಘ ಹುಟ್ಟಿದ್ದೇ ಒಂದು ಹೊಲಿಗೆ ಅಂಗಡಿಯ ಹಿಂದೆ. ಮೋತಿಬಿಯ ಬಳಿ ಗುಂಡಿ ಹಚ್ಚಲು ಬರುತ್ತಿದ್ದ ಹುಡುಗಿಯರು ಮಧ್ಯಾಹ್ನ ಉಂಡ ಮೇಲೆ ಚಿಂದಿ ಬಟ್ಟೆಯ ಚೆಂಡು ಒದೆಯುತ್ತಿದ್ದರು. ಹತ್ತನೇ ತರಗತಿ ಮುಗಿದರೆ ಹುಡುಗಿಯರಿಗೆ ಮೈದಾನವೂ ಮುಗಿಯುತ್ತಿದ್ದ ಊರು ಅದು. ಅವರ ಕುಣಿತ ನೋಡಿ ನೋಡಿ ಮೋತಿಬಿಗೆ ಏನನ್ನಿಸಿತೋ, ಉಳಿದ ಪರದೆ ಬಟ್ಟೆಯಲ್ಲಿ ಹನ್ನೊಂದು ಚಡ್ಡಿ ಹೊಲಿದಳು.

ಮೊಣಕಾಲು ಕಾಣುತ್ತವೆ ಎಂದು ಓಣಿಯ ಹಿರಿಯರು ತಕರಾರು ತೆಗೆದರು. "ಕಾಣ್ಲಿ ಬಿಡ್ರಿ. ಎಲ್ಲಾರಿಗೂ ಎರಡೆರಡ ಅದಾವು" ಎಂದಳಂತೆ ಮೋತಿಬಿ.

ಕೈಮಗ್ಗಗಳನ್ನು ಬಿಚ್ಚಿ ಸೌದೆಗೆ ಹಾಕುತ್ತಿದ್ದ ಕಾಲ. ನೇಕಾರರ ಮನೆಗಳಿಂದ ಮಗ್ಗದ ಮರಗಳನ್ನು ಕೇಳಿ ತಂದು ಗೋಲು ನಿಲ್ಲಿಸಿದರು. ಮೊದಲ ಪಂದ್ಯ ಮುಂಡರಗಿಯಲ್ಲಿ. ಆವತ್ತು ಎಷ್ಟು ಗೋಲು ಹೊಡೆಸಿಕೊಂಡರೆಂದರೆ, ಅಂಕ ಬರೆಯುವವನು ಅರ್ಧಕ್ಕೇ ಬರೆಯುವುದನ್ನು ಬಿಟ್ಟು ಚಹಾ ಕುಡಿಯಲು ಹೋಗಿದ್ದ.

ಆಮೇಲೆ ಆಡುತ್ತ ಆಡುತ್ತ ಕಲಿತರು. ಆದರೆ ಅವರ ಮೈದಾನದಲ್ಲಿ ಗೆರೆಗಳೇ ಇರಲಿಲ್ಲ. ಗೋಲಿನ ಮುಂದೆ ಒಂದು ಬೇವಿನ ಮರ. ಆ ಮರದ ತನಕ ಕೀಪರ್‌ದು, ಅದರಾಚೆ ಉಳಿದವರದು. ಹದಿನಾಲ್ಕು ವರ್ಷ ಎಲ್ಲ ಕೀಪರ್‌ಗಳೂ ಬೇವಿನ ಮರದ ಅಳತೆಯಲ್ಲೇ ಆಡಿದ್ದರು. ಬೇರೆ ಊರಿನ ಮೈದಾನದಲ್ಲೂ ಶಾಕಾಂಬರಿಯ ಕಾಲು ಇಲ್ಲದ ಬೇವಿನ ಮರದ ತನಕ ಓಡಿತ್ತು. ಇದುವರೆಗೆ ಯಾವ ರೆಫರಿಯೂ ಅದನ್ನು ಹಿಡಿದಿರಲಿಲ್ಲ.

"ಅವನನ್ನ ಕರಸ್ತೇನಿ ತಡಿ" ಎಂದಳು ಮೋತಿಬಿ.

"ಯಾರನ್ನ?"

"ಆ ರೆಫರಿನ್ನ. ಗೆರಿ ಹಾಕಿ ಕೊಡು ಅಂತೇನಿ."

"ಅವ ಬಂದ್ರ ನಾ ಬರಂಗಿಲ್ಲ!"

"ಬರಬ್ಯಾಡ. ಗೋಲಿನ್ಯಾಗ ಒಂದ ಚೀಲಾ ನಿಂದರಸ್ತೇನಿ."

* * *

ರವಿವಾರ ಅವನು ಬಂದ. ಸೈಕಲ್ ಮೋಟಾರಿನ ಹಿಂದೆ ಒಂದು ಚೀಲ ಸುಣ್ಣ ಕಟ್ಟಿಕೊಂಡು ಬಂದಿದ್ದ. ಹೆಸರು ಮನೋಹರ, ಊರು ಶಿರಹಟ್ಟಿ. ಅಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದ.

ಶಾಕಾಂಬರಿಯೂ ಬಂದಿದ್ದಳು. ಚೀಲ ನಿಲ್ಲಿಸುತ್ತೇನೆ ಎಂದರೆ ಯಾರು ತಾನೆ ಬರದೆ ಇರುತ್ತಾರೆ?

"ಉದ್ದನ್ನ ನೂಲ ಬೇಕ್ರಿ. ಇಲ್ಲಾಂದ್ರ ಗೆರಿ ಸೊಟ್ಟ ಆಗ್ತಾವು" ಎಂದ.

ಎಲ್ಲರೂ ಶಾಕಾಂಬರಿಯ ಮುಖ ನೋಡಿದರು. ಅವಳ ಅಪ್ಪ ನಾರಾಯಣಪ್ಪನ ಮನೆಯಲ್ಲಿ ಇನ್ನೂ ಎರಡು ಮಗ್ಗ ನಡೆಯುತ್ತಿದ್ದವು. ಮುಖ ಗಂಟಿಕ್ಕಿಕೊಂಡೇ ಹೋಗಿ ಒಂದು ಉಂಡೆ ನೂಲು ತಂದಳು.

"ಆ ತುದಿ ಹಿಡೀರಿ" ಎಂದ.

ಮೈದಾನದ ಒಂದು ಕಡೆ ಅವಳು, ಇನ್ನೊಂದು ಕಡೆ ಅವನು. ನಡುವೆ ಬಿಗಿಯಾಗಿ ನಿಂತ ನೂಲು. ಅವನು ಸ್ವಲ್ಪ ಎಳೆದರೆ ಅವಳ ಬೆರಳಿಗೆ ತಿಳಿಯುತ್ತಿತ್ತು. ಹುಡುಗಿಯರು ನೂಲಿನ ಗುಂಟ ಸುಣ್ಣ ಸುರಿಯುತ್ತ ಹೋದರು.

"ಬಿಗಿ ಹಿಡಿಯೋದು ನಿಮಗ ಯಾರೂ ಕಲಸಬೇಕಾಗಿಲ್ಲ ಬಿಡ್ರಿ" ಎಂದ ಮನೋಹರ.

"ನೇಕಾರ ಮನಿ ಮಗಳು."

"ನಮ್ಮದೂ ಅದ. ಅಪ್ಪ ಇರೋತನ ಮಗ್ಗ ಇತ್ತು. ಈಗ ನಾ ತಾಮ್ರದ ತಂತಿ ಸುತ್ತತೇನಿ."

ಅವಳು ನೂಲನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಆಮೇಲೆ ತಡೆಯಲಾಗದೆ ಕೇಳಿದಳು. "ಅವತ್ತ ಕಾರ್ಡ್ ತಗಿಯೋಮುಂದ ನಿಮಗ ಒಂದೀಟೂ ಬ್ಯಾಸರ ಆಗಲಿಲ್ಲೇನು?"

"ಆತು."

"ಮತ್ತ?"

"ಬ್ಯಾಸರ ಆತು ಅಂತ ಗೆರಿ ಸರಸಾಕ ಬರತೈತೇನ್ರಿ?" ಎಂದ ಅವನು. "ಆದ್ರ ಅಂಥಾ ಹಿಡತ... ಗಂಡಸರ ಮ್ಯಾಚಿನ್ಯಾಗೂ ನಾ ನೋಡಿಲ್ಲ. ಖರೆ."

ಅವಳು ಮುಖ ತಿರುಗಿಸಿದಳು. ಕಿವಿ ಬಿಸಿಯಾಗಿತ್ತು.

‘ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ...’ ಎಂದುಕೊಂಡಳು. ಮೊದಲ ದಿನ ಉರಿಸಿದ ಗುಣವೇ ಈಗ ತಂಪಾಗಿ ಕಂಡಿದ್ದು ಅವಳಿಗೆ ಸೋಜಿಗವೆನಿಸಿತು.

ಪೆನಾಲ್ಟಿ ಗೆರೆ ಬೇವಿನ ಮರಕ್ಕಿಂತ ಎಷ್ಟೋ ಈಚೆಗೇ ನಿಂತಿತು. ಹುಡುಗಿಯರು ಗಲಾಟೆ ಎಬ್ಬಿಸಿದರು. "ನಮ್ಮ ಜಾಗಾ ಕಸಗೊಂಡ್ರಿ!" "ನಿಮ್ಮದಲ್ರಿ ಅದು, ಗಿಡದ್ದು" ಎಂದ ಅವನು. ಎಲ್ಲರಿಗಿಂತ ಮೊದಲು ನಕ್ಕವಳು ಶಾಕಾಂಬರಿ.

* * *

ಅವನು ಪ್ರತಿ ರವಿವಾರ ಬರತೊಡಗಿದ. ಕಾಯದೆ ಹೇಳಿಕೊಡುತ್ತಿದ್ದ, ಅಭ್ಯಾಸದ ಆಟಕ್ಕೆ ಶೀಟಿ ಊದುತ್ತಿದ್ದ. ಆಟ ಮುಗಿದ ಮೇಲೆ ಮೋತಿಬಿಯ ಅಂಗಡಿಯ ಕಟ್ಟೆಯಲ್ಲಿ ಚಹಾ.

ಶಾಕಾಂಬರಿ ಗದಗಿನ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದಳು. ವಾರವಿಡೀ ಬಿಚ್ಚುವುದು, ಮಡಚುವುದು. ಈಗ ಶನಿವಾರ ಬಂತೆಂದರೆ ಅವಳ ಕೈ ಚುರುಕಾಗುತ್ತಿತ್ತು. ಮಣ್ಣಿನಲ್ಲಿ ಹೊರಳಲು ಹೋಗುವವಳು ರವಿವಾರ ಕನ್ನಡಿಯ ಮುಂದೆ ಯಾಕೆ ಅಷ್ಟು ಹೊತ್ತು ನಿಲ್ಲುತ್ತಾಳೆ ಎಂದು ಅವಳವ್ವ ಕೇಳಿಯೂ ಬಿಟ್ಟಳು.

"ಕೂದಲ ಕಣ್ಣಾಗ ಬೀಳ್ತಾವ, ಅದಕ್ಕ."

"ಮೊದಲ ಬೀಳತಿದ್ದಿಲ್ಲೇನು?"

ಬೂಟು ಎತ್ತಿಕೊಂಡು ಓಡಿಬಿಟ್ಟಿದ್ದಳು.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಮನೋಹರ ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ.

"ನಮ್ಮವ್ವ ನಿಮ್ಮ ಮನಿಗೆ ಬರ್ತೇನಿ ಅಂತಾಳ."

"ಯಾಕ? ಸೀರಿ ತಗೊಳ್ಳಾಕೇನು?"

"ನಿಮ್ಮನ್ನ ಕೇಳಾಕ."

ಅವಳಿಗೆ ನಗಬೇಕೋ, ಎದ್ದು ಹೋಗಬೇಕೋ ತಿಳಿಯಲಿಲ್ಲ.

"ಬರ್ಲಿ" ಎಂದಷ್ಟೇ ಹೇಳಿದಳು.

ಅವನ ಅವ್ವ ಬನಶಂಕರೆವ್ವ ಬಂದಳು, ಮಾತಾಡಿದಳು, ಅವಲಕ್ಕಿ ತಿಂದಳು. ಎರಡೂ ಮನೆಯವರಿಗೆ ಒಪ್ಪಿಗೆಯಾಯಿತು. ಮುಂಡರಗಿಯ ಪಂದ್ಯಾವಳಿ ಮುಗಿದ ಮೇಲೆ ನಿಶ್ಚಯ ಮಾಡುವುದೆಂದು ನಾರಾಯಣಪ್ಪ ಹೇಳಿದ.

ಎಲ್ಲ ಚೆನ್ನಾಗಿತ್ತು. ಒಂದನ್ನು ಬಿಟ್ಟು...

ಸಂಘದಲ್ಲಿ ಒಂದು ಪದ್ಧತಿ ಇತ್ತು. ಆಟಗಾರ್ತಿಯ ಮದುವೆ ಗೊತ್ತಾದರೆ ಮೈದಾನದ ನಟ್ಟನಡುವೆ ಅವಳನ್ನು ಸೀರೆ ಉಡಿಸಿ ನಿಲ್ಲಿಸಿ, ಎಲ್ಲರೂ ಸೇರಿ ಅವಳ ಸೆರಗಿನ ಮಡಿಲಿಗೆ ಉಡಿ ತುಂಬುತ್ತಿದ್ದರು. ಅಕ್ಕಿ, ಕಾಯಿ, ಉತ್ತತ್ತಿ, ಅರಿಶಿನ ಬೇರು, ಒಂದು ರವಿಕೆಯ ಖಣ. ಮೋತಿಬಿಯೇ ಮೊದಲು ನಿಂತು ಕಾಯಿ ಹಾಕುತ್ತಿದ್ದಳು. ಆಮೇಲೆ ಆ ಹುಡುಗಿ ತನ್ನ ಬೂಟುಗಳನ್ನು ಗೆರೆಯ ಮೇಲೆ ಬಿಟ್ಟು ಹೋಗುತ್ತಿದ್ದಳು. ಅಲ್ಲಿಗೆ ಅವಳ ಆಟ ಮುಗಿಯಿತು.

ಇದನ್ನು ಮೊದಲು ಮಾಡಿದ್ದು ಶೀತಲ್‌ಗೆ. ಅವಳು ಸಂಘದ ಮೊದಲ ಕೀಪರ್, ಶಾಕಾಂಬರಿಗೆ ಚೆಂಡು ಹಿಡಿಯಲು ಕಲಿಸಿದವಳು. ಡೋಣಿಗೆ ಮದುವೆಯಾಗಿ ಹೋದಳು. ಆಮೇಲೆ ಒಬ್ಬಳು ಕಳಸಾಪುರಕ್ಕೆ, ಒಬ್ಬಳು ಯಳವತ್ತಿಗೆ... ಹೀಗೆ ಎಷ್ಟೋ ಮಂದಿ ಹೋದರು. ಯಾರೂ ತಿರುಗಿ ಬರಲಿಲ್ಲ. ಸಂಘದ ಚರಿತ್ರೆ ಎಂದರೆ ನಿಜವಾಗಿ ಇಷ್ಟೇ: ಹುಡುಗಿಯರು ಬಂದರು, ಕಲಿತರು, ಆಟ ಕೈಗೆ ಹತ್ತುವ ಹೊತ್ತಿಗೆ ಉಡಿ ತುಂಬಿಸಿಕೊಂಡು ಹೋದರು.

ಮದುವೆಯಾದ ಮೇಲೆ ನಾನು ಆಡಬಹುದಾ? ಈ ಮಾತು ನಾಲಿಗೆಯ ತುದಿಯ ತನಕ ಬರುತ್ತಿತ್ತು. ಆದರೆ ಮನೋಹರನನ್ನು ಕೇಳಲಿಲ್ಲ.

‘ಕೇಳಿದರೆ ಇಲ್ಲ ಎಂದುಬಿಟ್ಟರೆ? ಸುಳ್ಳು ಹೇಳಲು ಬಾರದವನು ಅವನು... ಇಲ್ಲ ಎಂದರೆ ಅದು ಇಲ್ಲವೇ!’

* * *

ಮುಂಡರಗಿಯ ಕೊನೆಯ ಪಂದ್ಯ ಪೆನಾಲ್ಟಿ ಒದೆತಕ್ಕೆ ಬಂತು. ಶಾಕಾಂಬರಿ ಎಡಕ್ಕೆ ಹಾರಿ ಕೊನೆಯ ಚೆಂಡನ್ನು ಅಂಗೈಯಿಂದ ತಳ್ಳಿದಳು.

ಗೆದ್ದರು! ಹದಿನಾಲ್ಕು ವರ್ಷದಲ್ಲಿ ಮೊದಲ ಕಪ್! ಮೋತಿಬಿ ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತ, "ನನ್ನ ಪರದೆ ಚಡ್ಡಿ ನೋಡ್ರೋ!" ಎಂದು ಕೂಗಾಡಿದಳು. ಹುಡುಗಿಯರು ಶಾಕಾಂಬರಿಯ ಮೇಲೆ ಬಿದ್ದು ಹೊರಳಾಡಿದರು.

ಅವಳು ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದಾಗ ಎದುರಿಗೆ ಬನಶಂಕರೆವ್ವ ಬಂದಳು. ಕೈಯಲ್ಲಿ ಬುಟ್ಟಿ. ಹಿಂದೆ ಮನೋಹರ. ಆವತ್ತು ರೆಫರಿಯಾಗಿರಲಿಲ್ಲ, ನೋಡಲು ಬಂದಿದ್ದ. ಮುಖದ ತುಂಬ ನಗು.

"ಉಡಿ ಹಿಡಿ ಬೇ. ನಿಶ್ಚಯದಾಗ ತುಂಬೂಣು ಅಂತ ಮಾಡಿದ್ದೆ. ನನ್ನ ಕೈ ತಡೀವಲ್ದು!"

ಸೀರೆ ಇರಲಿಲ್ಲ, ಸೆರಗು ಇರಲಿಲ್ಲ. ಅವಳ ಕೈ ತಾನಾಗಿಯೇ ಜರ್ಸಿಯ ಅಂಚನ್ನು ಮುಂದಕ್ಕೆ ಹಿಡಿಯಿತು. ಅಕ್ಕಿ ಬಿತ್ತು. ಕಾಯಿ ಬಿತ್ತು. ಉತ್ತತ್ತಿ, ಅರಿಶಿನ, ಖಣ...

ಹುಡುಗಿಯರ ಕೂಗು ನಿಂತುಹೋಯಿತು. ಒಬ್ಬಳು ಅಳಲು ಶುರು ಮಾಡಿದಳು. ಮೋತಿಬಿ ಬೇರೆ ಕಡೆ ಮುಖ ಮಾಡಿದಳು.

ಮೈದಾನದಲ್ಲಿ ಉಡಿ ತುಂಬಿದರೆ ಏನರ್ಥ ಎಂಬುದು ಸುತ್ತ ನಿಂತಿದ್ದ ಸಂಘದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ: ತುಂಬಿದವಳು ಮತ್ತು ಅವಳ ಮಗ. ಅವನು ಬರತೊಡಗಿದ ಮೇಲೆ ಸಂಘದಲ್ಲಿ ಯಾರ ಮದುವೆಯೂ ಆಗಿರಲಿಲ್ಲ. ಆದರೆ ಅವನಿಗೆ ಗೊತ್ತಿಲ್ಲ ಎಂಬುದು ಶಾಕಾಂಬರಿಗೆ ಹೊಳೆಯಲೇ ಇಲ್ಲ.

‘ಕೇಳುವ ಮೊದಲೇ ಉತ್ತರ ತಂದು ಉಡಿಗೆ ಸುರಿದರು... ಅದೂ ಇವತ್ತು... ಗೆದ್ದ ದಿನ!’

ಉಡಿಯಲ್ಲಿದ್ದುದನ್ನೆಲ್ಲ ಪಕ್ಕದ ಹುಡುಗಿಯ ಜರ್ಸಿಯ ಮಡಿಲಿಗೆ ಸುರಿದುಬಿಟ್ಟಳು. ಕೈಗವಸು ಕಳಚಿ ಗೋಲಿನ ಗೆರೆಯ ಮೇಲೆ ಇಟ್ಟಳು. ಮನೋಹರನ ಮುಖವನ್ನು ನೇರವಾಗಿ ನೋಡಿ ಕೇಳಿದಳು.

"ನಿಮ್ಮ ಕೆಲಸ ಆತಲ್ಲ?"

ಅವನ ನಗು ಅಲ್ಲೇ ನಿಂತಿತು. "ಏನಾತು? ಶಾಕಾಂಬರಿ..."

ಅವಳು ತಿರುಗಿ ನೋಡದೆ ನಡೆದಳು.

* * *

ಅವನು ಎರಡು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಲಿಲ್ಲ. ಬೇಡ ಎಂದವರ ಬಾಗಿಲನ್ನು ಬಡಿಯುವ ಜಾತಿಯವನಲ್ಲ ಅವನು. ಎಲ್ಲರ ಮುಂದೆ ಉಡಿಯನ್ನು ಬೇರೆಯವಳಿಗೆ ಕೊಟ್ಟಳೆಂದರೆ ತಾನೇ ಬೇಡವಾಗಿದ್ದೇನೆ ಎಂದು ತಿಳಿದುಕೊಂಡ. ರವಿವಾರ ಬೆಟಗೇರಿಗೆ ಬರುವುದನ್ನೂ ಬಿಟ್ಟ. ಇತ್ತ ಮೋತಿಬಿ, ಮಾಡುವುದನ್ನು ಮಾಡಿ ಈಗ ಮುಖ ತಪ್ಪಿಸಿಕೊಂಡಿದ್ದಾನೆ ಎಂದು ಅವನನ್ನು ಬೈದುಕೊಂಡಳು.

ಶಾಕಾಂಬರಿ ಸೀರೆ ಬಿಚ್ಚಿದಳು, ಮಡಚಿದಳು. ರವಿವಾರ ಮನೆಯಲ್ಲೇ ಉಳಿದಳು. ನಿಶ್ಚಯದ ಮಾತು ಬಂದಾಗಲೆಲ್ಲ ‘ಈಗ ಬ್ಯಾಡ’ ಎನ್ನುತ್ತಿದ್ದಳು. ಸಂಜೆ ಮೈದಾನದ ಕಡೆಯಿಂದ ಕೂಗು ಕೇಳಿದರೆ ರೇಡಿಯೋ ದೊಡ್ಡದು ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಗೆ ಶೀತಲ್ ಬಂದಳು. ತಮ್ಮನ ಮದುವೆಗೆ ಸೀರೆ ಬೇಕಿತ್ತು. ಮೈ ತುಂಬಿಕೊಂಡಿದ್ದಳು, ಕೆನ್ನೆ ಗಾಳಿಗೆ ಒರಟಾಗಿತ್ತು.

"ಕಪ್ಪ ತಂದ್ರಂತಲ್ಲ! ಖಬರ ಕೇಳಿ ನಮ್ಮ ಅಡಗಿಮನ್ಯಾಗ ಒಬ್ಬಾಕಿನ ಕುಣದೆ ನೋಡು. ಅತ್ತಿ ಹೆದರಿದ್ಲು."

"ನನಗ ಉಡಿ ತುಂಬ್ಯಾರ, ಅಕ್ಕಾ."

ಶೀತಲ್‌ಳ ಕೈ ಸೀರೆಯ ಮೇಲೆ ನಿಂತಿತು. "ಯಾರು? ಆ ಹುಡುಗ ಆಟ ಬಿಡು ಅಂದನೇನು?"

"ಬಾಯಿಲೆ ಅಂದಿಲ್ಲ."

"ನೀ ಕೇಳಿದಿ?"

"...ಇಲ್ಲ."

ಶೀತಲ್ ನಿಟ್ಟುಸಿರು ಬಿಟ್ಟಳು. "ಕೇಳಿಲ್ಲಿ. ನನಗೂ ಯಾರೂ ಬಿಡು ಅನ್ನಲಿಲ್ಲ. ನನ್ನ ಗಂಡ ಏನ್ ಕೆಟ್ಟಾಂವ ಅಲ್ಲ. ಆದ್ರ ಸಂಜಿ ಆಟಾ ಮುಗಿಯೋದರಾಗ ಡೋಣಿಗೆ ಹೋಗೋ ಬಸ್ಸ ಹೋಗಿಬಿಡತಿತ್ತು. ಬಸ್ಸಿಂದ ಒಂದು, ರೊಟ್ಟಿದ ಒಂದು, ಆಮ್ಯಾಲೆ ಕೂಸಿಂದ ಒಂದು. ಆಡ್ತಿಯೇನು ಅಂತ ಅವರು ಕೇಳಲಿಲ್ಲ, ಆಡ್ತೇನಿ ಅಂತ ನಾ ಹೇಳಲಿಲ್ಲ. ಎಲ್ಲಾರೂ ಉಡಿ ಮ್ಯಾಲೆ ಹಾಕಿ ಸುಮ್ನ ಆದ್ವಿ."

"ಈಗ ಅನಸತೈತೇನು... ಕೇಳಬೇಕಿತ್ತು ಅಂತ?"

"ಅನಸತೈತಿ. ಭಾಳ ಅನಸತೈತಿ." ಶೀತಲ್ ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. "ಇದರ ಬಣ್ಣ ಹೋಗತೈತೇನ ಬೇ? ಖರೆ ಹೇಳು."

"ಹೋಗತೈತಿ. ಅದನ್ನ ಬಿಡು, ಆ ಹಸರ ತಗೋ."

* * *

ಮರುದಿನ ಅವಳು ರಜೆ ಹಾಕಿ ಶಿರಹಟ್ಟಿಯ ಬಸ್ಸು ಹತ್ತಿದಳು.

ಅಂಗಡಿಯ ತುಂಬ ಹೊಟ್ಟೆ ಬಿಚ್ಚಿದ ಮೋಟಾರುಗಳು, ವಾರ್ನಿಷಿನ ವಾಸನೆ. ಮನೋಹರ ನೆಲದ ಮೇಲೆ ಕೂತು ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದ. ತಂತಿ ಕೈಯಿಂದ ಜಾರಿ ಸುರುಳಿ ಬಿಚ್ಚಿಕೊಂಡಿತು. ಅವನು ಸೊರಗಿದ್ದ. ಅದನ್ನು ನೋಡಬಾರದು ಎಂದುಕೊಂಡೇ ನೋಡಿದಳು.

"ನಾ ಆಟ ಬಿಡಬೇಕೇನು?"

"ಯಾರು ಅಂದ್ರು?"

"ನಿಮ್ಮವ್ವ ಉಡಿ ತುಂಬಿದ್ರಲ್ಲ."

"ಉಡಿಗೂ ಆಟಕ್ಕೂ ಏನ ಸಂಬಂಧ?"

ಅವಳು ಹೇಳಿದಳು. ಮೈದಾನದ ನಡುವೆ ನಿಲ್ಲಿಸುವುದು, ಬೂಟು ಬಿಟ್ಟು ಹೋಗುವುದು, ಎಲ್ಲವನ್ನೂ. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು.

"ನನಗ ಗೊತ್ತಿದ್ದಿಲ್ಲ, ಶಾಕಾಂಬರಿ. ಆಣಿ ಮಾಡಿ ಹೇಳ್ತೇನಿ..."

"ಅದು ಈಗ ತಿಳೀತು." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಾ ಕೇಳಾಕ ಬಂದಿದ್ದ ಬ್ಯಾರೆ. ಮದುವಿ ಆದ ಮ್ಯಾಲೆ ನಾ ಇಲ್ಲಿ ಇರಬೇಕು. ಆಟ ಬೆಟಗೇರ್ಯಾಗ. ಆಟಾ ಮುಗಿಸಿ ಶಿರಹಟ್ಟಿಗೆ ಹ್ಯಾಂಗ ಬರ್ಲಿ? ರೊಟ್ಟಿ ಯಾರ ಬಡಿಯೋರು? ಇದನ್ನ ಒಂದ ದಿನಾನರೆ ವಿಚಾರ ಮಾಡೀರೇನು?"

ಅವನು ಉತ್ತರ ಹುಡುಕಲಿಲ್ಲ. ತಲೆ ತಗ್ಗಿಸಿದ.

"ಇಲ್ಲ."

ಹೌದು ಎಂದು ಸುಳ್ಳು ಹೇಳಿದ್ದರೂ ನಂಬುತ್ತಿದ್ದಳೇನೋ. ಆ ಒಂದು ‘ಇಲ್ಲ’ ಎದೆಗೆ ನಾಟಿತು. ತನ್ನ ಹಿಡಿತವನ್ನು ಅಷ್ಟು ಹೊಗಳಿದವನು, ಆ ಕೈಗಳು ಮುಂದೆ ಏನು ಮಾಡುತ್ತವೆ ಎಂದು ಯೋಚಿಸಿರಲೇ ಇಲ್ಲ!

ಒಳಬಾಗಿಲಲ್ಲಿ ಬನಶಂಕರೆವ್ವ ನಿಂತಿದ್ದಳು. "ನಾನೂ ಮಾಡಿಲ್ಲ ಬೇ. ಖರೆ ಹೇಳಬೇಕಂದ್ರ, ಮದುವಿ ಆದ್ರ ತಾನ ಬಿಡ್ತಾಳ ಅಂತ ತಿಳಕೊಂಡಿದ್ದೆ."

"ಬಿಡಂಗಿಲ್ರಿ. ಅವತ್ತ ಸಿಟ್ಟಿನ್ಯಾಗ ಕೈಗವಸ ಇಟ್ಟ ಬಂದೆ. ರವಿವಾರ ಹೋಗಿ ತಗೋತೇನಿ." ಅವಳು ಮನೋಹರನ ಕಡೆ ತಿರುಗಿದಳು. "ನೀವು ವಿಚಾರ ಮಾಡ್ರಿ. ಆಗಂಗಿಲ್ಲ ಅಂದ್ರ ಅದನ್ನೂ ಬಾಯಿಬಿಟ್ಟ ಹೇಳ್ರಿ. ನಾ ತಡಕೋತೇನಿ."

"ಚಾ ಕುಡದ ಹೋಗ" ಎಂದಳು ಬನಶಂಕರೆವ್ವ.

"ಉತ್ತರ ಬರ್ಲಿ, ಆಮ್ಯಾಲೆ ಕುಡಿತೇನ್ರಿ."

ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ತಡೆದುಕೊಳ್ಳುತ್ತೇನೆ ಎಂದಿದ್ದು ಪೂರ್ತಿ ನಿಜವಾಗಿರಲಿಲ್ಲ. ಅವನು ಬೇಕಿತ್ತು. ಆಟವೂ ಬೇಕಿತ್ತು. ಎರಡೂ ಬೇಕು ಎನ್ನುವುದು ದುರಾಸೆಯೇ? ಶಿರಹಟ್ಟಿಯಿಂದ ಗದಗಿನ ತನಕ ಯೋಚಿಸಿದಳು. ಅಲ್ಲ ಎಂದೇ ಅನ್ನಿಸಿತು.

* * *

ಆ ವಾರ ಅವಳು ಮದುವೆಯಾಗಿ ಹೋದ ಎಲ್ಲ ಆಟಗಾರ್ತಿಯರಿಗೂ ಫೋನು ಮಾಡಿದಳು. ‘ರವಿವಾರ ಆಡಾಕ ಬರ್ರಿ’ ಎಂದಳು. ಬಹಳ ಜನ ‘ನೋಡೂಣು’ ಎಂದರು. ಶೀತಲ್ ಬಸ್ಸಿಲ್ಲ ಎಂದಳು.

ರವಿವಾರ ಬಂದದ್ದು ಒಬ್ಬಳೇ, ಕಳಸಾಪುರದವಳು. ಕಂಕುಳಲ್ಲಿ ಕೂಸು. ಗೆರೆಯ ಹೊರಗೆ ಅನುಮಾನದಲ್ಲಿ ನಿಂತಿದ್ದಳು.

ಶಾಕಾಂಬರಿ ನೇರ ಮೋತಿಬಿಯ ಹತ್ತಿರ ಹೋದಳು. "ಖಾಲಾ, ನನ್ನ ಕೈಗವಸ ಕೊಡು."

"ಉಡಿ ತುಂಬಿದ ಮ್ಯಾಲೆ ಹ್ಯಾಂಗಲೇ..."

"ಉಡಿ ತುಂಬಿದಾಕಿ ಆಡಬಾರದು ಅಂತ ಯಾರ ಹೇಳಿದ್ರು? ನೀ ಹೇಳಿದಿ?"

ಮೋತಿಬಿ ಬೆರಳು ಮಡಚುತ್ತ ಹಳೆಯದನ್ನೆಲ್ಲ ಲೆಕ್ಕ ಹಾಕಿದಳು.

"ನಾ ಎಲ್ಲೆ ಹೇಳೇನಿ! ಸಂಘದಾಗ ರೊಕ್ಕ ಇದ್ದಿದ್ದಿಲ್ಲ, ಶೀತಲ್‌ಗ ಮತ್ತೇನ ಕೊಡೋದು ಅಂತ ಉಡಿ ತುಂಬಿದ್ವಿ. ಆಕಿ ಅಳಕೋತ ಬೂಟ ಬಿಟ್ಟ ಹೋದ್ಲು. ಎರಡನೇದಾಕಿ ಆಕಿನ್ನ ನೋಡಿ ಬಿಟ್ಲು. ಮೂರನೇದಾಕಿ ಹೋಗೋದರಾಗ ಪದ್ಧತಿ ಆಗಿಬಿಟ್ಟಿತ್ತು."

"ಇರ್ತೇನಿ ಅಂತ ಯಾರೂ ಅನ್ನಲಿಲ್ಲ?"

"ನೀನ ಮೊದಲು."

ಮೋತಿಬಿ ಚೀಲದಿಂದ ಕೈಗವಸು ತೆಗೆದಳು. ಕೊಡುವ ಮೊದಲು ಒಮ್ಮೆ ತಟ್ಟಿ ಧೂಳು ಕೊಡವಿದಳು. ಆಮೇಲೆ ಗೆರೆಯ ಕಡೆ ತಿರುಗಿ ಕೂಗಿದಳು. "ಏ ಕಳಸಾಪುರದಾಕಿ! ಕೂಸ ನನ್ನ ಕೈಯಾಗ ಕೊಟ್ಟ ಒಳಗ ಹೋಗ. ಏನ ಗೊಂಬಿಗತೆ ನಿಂತಿ!"

ಆಟ ಶುರುವಾಯಿತು. ಶಾಕಾಂಬರಿಯ ಕಣ್ಣು ಚೆಂಡಿನ ಮೇಲಿತ್ತು, ಮನಸ್ಸು ರಸ್ತೆಯ ಮೇಲೆ. ಮನೋಹರ ಬರುವ ಹೊತ್ತು ದಾಟಿತು. ಬಿಸಿಲು ಇಳಿಯಿತು.

‘ಬರುವುದಿಲ್ಲ... ಇದೂ ಒಂದು ಉತ್ತರವೇ.’

ಆದರೂ ಚೆಂಡು ಬಂದಾಗ ಹಾರಿ ಹಿಡಿದಳು.

ಆಟ ಮುಗಿಯುವ ಹೊತ್ತಿಗೆ ಸೈಕಲ್ ಮೋಟಾರಿನ ಸದ್ದು ಕೇಳಿತು. ಮನೋಹರ ಬಂದಿದ್ದ. ಹಿಂದೆ ಬನಶಂಕರೆವ್ವ, ಬಿದ್ದೇನು ಎಂದು ಮಗನ ಅಂಗಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಅವನು ಗೋಲಿನ ತನಕ ನಡೆದು ಬಂದ. "ತಡ ಆತು. ಇಲ್ಲೆ ಬೆಟಗೇರ್ಯಾಗ ಒಂದ ಅಂಗಡಿ ನೋಡಾಕ ಹೋಗಿದ್ವಿ. ಹಿಂದ ಎರಡ ಖೋಲಿ ಅದಾವು. ಮೈದಾನಕ್ಕ ನಡಕೋತ ಬರಬಹುದು."

ಅವಳು ಕೈಯಲ್ಲಿದ್ದ ಚೆಂಡನ್ನು ಕೆಳಗೆ ಬಿಟ್ಟಳು. "ಮತ್ತ... ಶಿರಹಟ್ಟಿ ಗಿರಾಕಿ?"

"ಮೋಟರ್ ಎಲ್ಲಾ ಊರಾಗೂ ಸುಡ್ತಾವು."

ಬನಶಂಕರೆವ್ವ ಏದುಸಿರು ಬಿಡುತ್ತ ಬಂದಳು. "ನಾ ಊರ ಬಿಟ್ಟ ಬರಂಗಿಲ್ಲ ಅಂತ ಎರಡ ದಿನಾ ಜಗಳಾ ತಗದೆ. ಇವ ಕೇಳಲಿಲ್ಲ. ಈಗ ನೋಡು, ಎರಡರಾಗ ಗಾಳಿ ಬರೋ ಖೋಲಿ ನಂದು, ಹೇಳೇನಿ. ರವಿವಾರ ಅಡಗಿ ಇವಂದು. ಉಪ್ಪ ಹೆಚ್ಚಾದ್ರ ನನ್ನ ಬೈಬ್ಯಾಡ."

"ನೀವು ಮನಸಿಲೆ ಬಂದೀರೇನ್ರಿ?"

"ಪೂರಾ ಇಲ್ಲ" ಎಂದಳು ಬನಶಂಕರೆವ್ವ. "ಬರ್ತೈತಿ ತಡಿ. ಮೊದಲ ಚಾ ಎಲ್ಲೈತಿ ಹೇಳು. ಅವತ್ತ ನೀ ಕುಡೀದ ಹೋಗಿದ್ದು ನನ್ನ ಗಂಟಲದಾಗ ಕುಂತೈತಿ."

ಮೋತಿಬಿ ಅವಳನ್ನು ಕಟ್ಟೆಯ ಕಡೆ ಕರೆದುಕೊಂಡು ಹೋದಳು. ಹುಡುಗಿಯರು ಬೇಕೆಂದೇ ದೂರ ಸರಿದರು, ಬೇಕೆಂದೇ ನೋಡುತ್ತಲೂ ನಿಂತರು.

ಮನೋಹರ ಕಾಲಿನಿಂದ ಮಣ್ಣು ಕೆದರುತ್ತಿದ್ದ. "ವಿಚಾರ ಮಾಡು ಅಂದಿದ್ದಿ. ಮಾಡಿದೆ. ಅಂಗಡಿ ಬಿಟ್ಟ ಇರಬಹುದು ಅನಿಸ್ತು. ಊರ ಬಿಟ್ಟೂ ಇರಬಹುದು ಅನಿಸ್ತು. ನಿನ್ನ ಬಿಟ್ಟ ಇರಾಕ ಆಗಂಗಿಲ್ಲ, ಶಾಕಾಂಬರಿ."

ಮೊದಲ ಸಲ ಅವನು ಅವಳನ್ನು ‘ನೀನು’ ಎಂದಿದ್ದ. ಅವಳು ಕಣ್ಣು ತುಂಬಿಕೊಂಡಳು, ಮಣ್ಣಾದ ಕೈಗವಸಿನಿಂದಲೇ ಒರೆಸಿಕೊಂಡಳು. ಮುಖವೆಲ್ಲ ಮಣ್ಣಾಯಿತು.

"ನನಗೂ ಆಗಂಗಿಲ್ಲ" ಎಂದಳು. "ಬಸ್ಸಿನ್ಯಾಗ ಅತ್ತೆ. ಯಾರಿಗೂ ಹೇಳಬ್ಯಾಡ್ರಿ."

ಕಾಲ ಬಳಿ ಚೆಂಡು ಬಿದ್ದಿತ್ತು. ಅದನ್ನು ಅವನ ಕಡೆ ಉರುಳಿಸಿದಳು.

"ಒಂದ ಒದೀರಿ ನೋಡೂಣು."

"ನಾನು?"

"ಮತ್ತ್ಯಾರು?"

ಅವನು ಹಿಂದೆ ಸರಿದು ಓಡಿ ಬಂದು ಒದ್ದ. ಚೆಂಡು ಗೋಲಿನಿಂದ ಬಹಳ ದೂರ ಹಾರಿ ಚಹಾ ಕುಡಿಯುತ್ತಿದ್ದವರ ಕಟ್ಟೆಯ ಕಡೆ ಹೋಯಿತು. "ಯವ್ವಾ!" ಎಂದು ಬನಶಂಕರೆವ್ವ ಕೂಗಿದ್ದು ಕೇಳಿತು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮಗ ಒದಿಯಾಕ ಬರಂಗಿಲ್ಲ" ಎಂದಳು ಶಾಕಾಂಬರಿ.

"ಬರಂಗಿಲ್ಲ. ನೀ ಕಲಸು."

"ಜಲ್ದಿ ಬರೋದಲ್ರಿ ಅದು. ಎಷ್ಟ ದಿನಾ ಕಲೀತೀರಿ?"

"ನೀ ಎಷ್ಟ ದಿನಾ ಆಡ್ತಿ?"

"ಕೈ ಮ್ಯಾಲೆ ಎತ್ತಾಕ ಬರೋತನ."

"ಆತು ಹಂಗಾರ" ಎಂದ ಮನೋಹರ. "ಅಲ್ಲಿತನ ಕಲೀತೇನಿ."

"ಹೋಗ್ರಿ, ಮೊದಲ ಚೆಂಡ ತಗೊಂಡ ಬರ್ರಿ."

ಅವನು ಓಡಿದ. ಅವಳು ಕೈಗವಸು ಬಿಗಿ ಮಾಡಿಕೊಂಡು ಗೋಲಿನಲ್ಲಿ ಕಾದು ನಿಂತಳು.